ಎಕೋ ವರದಿ ಕೈಯಲ್ಲಿದೆ, ತುಕಡಿಗೆ ಇನ್ನೂ ಹೇಳಿಲ್ಲ

ದೂರದ ಓಟಗಾರ (ಮೂಲ ಬರಹ)

ನಮಸ್ಕಾರ. ಹನ್ನೊಂದು ವರ್ಷಗಳಿಂದ ಮೀಸಲು ಪಡೆಯಲ್ಲಿದ್ದೇನೆ. ವಾರವಿಡೀ ಕಚೇರಿ ಕೆಲಸ, ತಿಂಗಳಿಗೊಮ್ಮೆ ಕವಾಯತು, ನಡುನಡುವೆ ಶಿಬಿರ. ವಯಸ್ಸು 36. ಧೂಮಪಾನವಿಲ್ಲ, ಕುಡಿತವಿಲ್ಲ. ಓಟದ ಪರೀಕ್ಷೆಯಲ್ಲಿ ಪ್ರತಿ ವರ್ಷವೂ ಮೊದಲ ಐವರಲ್ಲಿ ಒಬ್ಬನಾಗಿರುತ್ತೇನೆ.

ಕಳೆದ ಶಿಬಿರದಲ್ಲಿ ಬೆನ್ನ ಮೇಲೆ ಹೊರೆ ಹೊತ್ತು ಗುಡ್ಡ ಹತ್ತುವ ಓಟವಿತ್ತು. ಹತ್ತುವಾಗ ಏನೂ ಆಗಲಿಲ್ಲ. ಮೇಲೆ ತಲುಪಿ ನಿಂತೆ. ನಿಂತು ಐದಾರು ಉಸಿರು ಕಳೆದಿರಬೇಕು, ಕಣ್ಣಿನ ಅಂಚಿನಿಂದ ಕತ್ತಲೆ ಒಳಕ್ಕೆ ಸರಿಯಿತು. ಎಚ್ಚರವಾದಾಗ ಕೆನ್ನೆಗೆ ಮಣ್ಣು ಮೆತ್ತಿಕೊಂಡಿತ್ತು. ಹತ್ತು ಸೆಕೆಂಡು ಇರಬಹುದು ಎಂದು ಜೊತೆಗಾರ ಹೇಳಿದ. ನೀರು ಕುಡಿಸಿದ. ಬಿಸಿಲು ಎಂದ. ನಾನೂ ಬಿಸಿಲೆಂದೇ ನಂಬಿದೆ, ಏಕೆಂದರೆ ಅಂದು ಬಿಸಿಲಂತೂ ಇತ್ತು.

ಮೂರು ವಾರಗಳ ನಂತರ ನೆಗಡಿ ಜ್ವರಕ್ಕೆಂದು ನಮ್ಮ ಮನೆಯ ವೈದ್ಯರ ಬಳಿ ಹೋದೆ. ಎದೆಯ ಮೇಲಿಟ್ಟ ಸ್ಟೆತಸ್ಕೋಪನ್ನು ಅವರು ಬೇಗ ತೆಗೆಯಲೇ ಇಲ್ಲ. ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳಿ ಎಂದರು. ಈಗ ಎದ್ದು ನಿಲ್ಲಿ ಎಂದರು. ಮತ್ತೊಮ್ಮೆ ಕುಳಿತುಕೊಳ್ಳಿ, ಮತ್ತೊಮ್ಮೆ ನಿಲ್ಲಿ. ನಾನು ಕುಳಿತಾಗ ಅವರ ಮುಖ ಸಡಿಲವಾಗುತ್ತಿತ್ತು, ನಿಂತಾಗ ಹುಬ್ಬು ಗಂಟಿಕ್ಕುತ್ತಿತ್ತು. ಮೂರು ಸಲ ಹಾಗೆ ಮಾಡಿಸಿ, ನೆಗಡಿಯ ಮಾತೇ ಎತ್ತದೆ ಶಬ್ದತರಂಗಗಳಿಂದ ಹೃದಯದ ಚಿತ್ರ ತೆಗೆಯುವ ಎಕೋ ಪರೀಕ್ಷೆಗೆ ಚೀಟಿ ಬರೆದುಕೊಟ್ಟರು.

ವರದಿಯಲ್ಲಿರುವುದು ಇಷ್ಟು: ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಅಂದರೆ ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆ. ಎರಡು ಹೃತ್ಕುಕ್ಷಿಗಳ (ಹೃದಯದ ಕೆಳಗಿನ ಕೋಣೆಗಳ) ನಡುವಿನ ಗೋಡೆ 21 ಮಿಲಿಮೀಟರ್ ದಪ್ಪ. ರಕ್ತ ಹೊರಹೋಗುವ ದಾರಿಯಲ್ಲಿ ಅಡ್ಡಿ; ಅಲ್ಲಿನ ಒತ್ತಡದ ವ್ಯತ್ಯಾಸ ವಿಶ್ರಾಂತಿಯಲ್ಲಿ 24 ಮಿ.ಮೀ. ಪಾದರಸ, ಉಸಿರು ಬಿಗಿಹಿಡಿದು ತಿಣುಕಿದಾಗ 68. ಎಂಆರ್‌ಐ ಮತ್ತು ಹಾಲ್ಟರ್ (ಒಂದೆರಡು ದಿನ ಮೈಮೇಲಿದ್ದು ಹೃದಯಬಡಿತ ದಾಖಲಿಸುವ ಯಂತ್ರ) ಆಗುವವರೆಗೆ ಓಡಬಾರದು, ಭಾರ ಎತ್ತಬಾರದು ಎಂದು ಹೃದ್ರೋಗ ತಜ್ಞರು ಹೇಳಿದ್ದಾರೆ.

ಮುಂದಿನ ಶಿಬಿರಕ್ಕೆ ಏಳು ವಾರವಿದೆ. ಸೇನೆಯ ವೈದ್ಯಕೀಯ ಕಚೇರಿಗೆ ಈ ವಿಷಯ ಗೊತ್ತಿಲ್ಲ. ನಾನು ತೋರಿಸಿಕೊಂಡದ್ದು ಹೊರಗಿನ ಆಸ್ಪತ್ರೆಯಲ್ಲಿ, ಅಲ್ಲಿನ ಕಡತ ತಾನಾಗಿ ಇಲ್ಲಿಗೆ ನಡೆದು ಬರುವುದಿಲ್ಲ. ವರ್ಷಕ್ಕೊಮ್ಮೆ ತುಂಬುವ ಆರೋಗ್ಯ ಫಾರಂ ಮೇಜಿನ ಮೇಲಿದೆ. ಒಂಬತ್ತನೇ ಪ್ರಶ್ನೆ: ‘ಕಳೆದ ಹನ್ನೆರಡು ತಿಂಗಳಲ್ಲಿ ಪ್ರಜ್ಞೆ ತಪ್ಪಿದ್ದುಂಟೇ?’ ಪಕ್ಕದಲ್ಲಿ ಎರಡು ಚೌಕಗಳು. ‘ಇಲ್ಲ’ ಎಂದು ಗುರುತು ಹಾಕಿದರೆ ಯಾರಿಗೂ ತಿಳಿಯುವುದಿಲ್ಲ.

ನಮ್ಮ ತುಕಡಿಯಲ್ಲಿ ನಾನು ಸ್ಟ್ರೆಚರ್ ತಂಡದವನು. ಮುಂದಿನ ಎಡಗಡೆಯ ಹಿಡಿ ನನ್ನದು. ಹನ್ನೊಂದು ವರ್ಷದಿಂದಲೂ ಆ ಹಿಡಿ ನನ್ನದೇ. ಇದನ್ನು ಬಿಟ್ಟರೆ ನಾನು ಯಾರು ಎಂಬುದು ನನಗೆ ಹೊಳೆಯುತ್ತಿಲ್ಲ. ಈ ದಾರಿಯಲ್ಲಿ ನಡೆದವರು ಯಾರಾದರೂ ಇದ್ದರೆ ಬರೆಯಿರಿ.

ಎರಡು ಉಡುಪು

ಅಣ್ಣ, ನಾನೂ ಮೀಸಲು ಪಡೆಯವನೇ. ನೇರವಾಗಿ ಹೇಳುತ್ತೇನೆ, ಎಂಆರ್‌ಐ ಆಗುವವರೆಗೆ ಬಾಯಿ ಬಿಡಬೇಡಿ. ಒಮ್ಮೆ ಕಡತಕ್ಕೆ ‘ಹೃದಯ’ ಎಂಬ ಪದ ಸೇರಿದರೆ ಅದನ್ನು ಯಾರೂ ಅಳಿಸುವುದಿಲ್ಲ. ಚೆನ್ನಾಗಿ ಓಡುವವರ ಹೃದಯ ದಪ್ಪಗಾಗುವುದು ಸಹಜ ಎಂದು ಕೇಳಿದ್ದೇನೆ. ಒಂದು ತಪ್ಪು ವರದಿಯಿಂದ ಹನ್ನೊಂದು ವರ್ಷ ಮಣ್ಣುಪಾಲಾಗಬಾರದು. ಶಿಬಿರಕ್ಕೆ ಬರಲಾಗದು, ಮನೆಯಲ್ಲಿ ತೊಂದರೆ ಎಂದು ರಜೆ ಕೇಳಿ. ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಎಕೋ ಕೋಣೆ

ಹದಿನಾರು ವರ್ಷದಿಂದ ಎಕೋ ತಂತ್ರಜ್ಞೆಯಾಗಿ ಕೆಲಸ ಮಾಡುತ್ತಿದ್ದೇನೆ. ‘ಎರಡು ಉಡುಪು’ ಅವರ ಮಾತಿನಲ್ಲಿ ಅರ್ಧ ನಿಜವಿದೆ, ಹಾಗಾಗಿಯೇ ಉತ್ತರಿಸಲೇಬೇಕು ಅನ್ನಿಸಿತು.

ಕಠಿಣ ತರಬೇತಿಯಿಂದ ಹೃದಯದ ಗೋಡೆ ದಪ್ಪಗಾಗುವುದು ನಿಜ. ಸಾಮಾನ್ಯ ವಯಸ್ಕರಲ್ಲಿ ಈ ಗೋಡೆ 11 ಮಿಲಿಮೀಟರಿನ ಆಸುಪಾಸಿನ ಒಳಗಿರುತ್ತದೆ. ದೊಡ್ಡ ಕ್ರೀಡಾಪಟುಗಳಲ್ಲೂ 13 ದಾಟುವುದು ಅಪರೂಪ. ಬೇರೆ ಕಾರಣವಿಲ್ಲದೆ 15 ಮುಟ್ಟಿದರೆ ಈ ಕಾಯಿಲೆ ಎಂದು ಗುರುತಿಸುತ್ತಾರೆ. 13ರಿಂದ 15ರ ನಡುವೆ ಬಂದರೆ ನಮಗೂ ಗೊಂದಲವಾಗುತ್ತದೆ. ಆಗ ಮೂರು ತಿಂಗಳು ತರಬೇತಿ ನಿಲ್ಲಿಸಿ ಮತ್ತೆ ಅಳೆಯುವುದುಂಟು, ವ್ಯಾಯಾಮದಿಂದ ಬಂದ ದಪ್ಪವಾದರೆ ಇಳಿಯುತ್ತದೆ. ಇನ್ನೊಂದು ಗುರುತೂ ಇದೆ. ಓಟಗಾರನ ಹೃದಯದಲ್ಲಿ ಗೋಡೆಯ ಜೊತೆಗೆ ಒಳಗಿನ ಕೋಣೆಯೂ ಹಿಗ್ಗಿರುತ್ತದೆ. ಈ ಕಾಯಿಲೆಯಲ್ಲಿ ಗೋಡೆ ಒಳಕ್ಕೆ ಬೆಳೆದು ಕೋಣೆ ಕಿರಿದಾಗಿರುತ್ತದೆ.

21 ಎಂಬುದು ಗೊಂದಲದ ಅಂಕಿಯಲ್ಲ. ಅದರ ಮೇಲೆ 68ರ ಅಡ್ಡಿ, ಮೇಲಾಗಿ ಪ್ರಜ್ಞೆ ತಪ್ಪಿದ್ದು. ಇನ್ನೊಬ್ಬ ತಜ್ಞರ ಅಭಿಪ್ರಾಯ ಖಂಡಿತ ಪಡೆಯಿರಿ, ಅದು ನಿಮ್ಮ ಹಕ್ಕು. ಆದರೆ ವರದಿ ತಪ್ಪಿರಬಹುದು ಎಂಬ ಆಸೆಯ ಮೇಲೆ ಏಳು ವಾರ ತಳ್ಳಬೇಡಿ.

ರಾತ್ರಿಪಾಳಿ

ಹೃದ್ರೋಗ ತೀವ್ರನಿಗಾ ಘಟಕದಲ್ಲಿ ಶುಶ್ರೂಷಕಿ. ಹಿಂದೆ ಮೀಸಲು ಪಡೆಯ ವೈದ್ಯಕೀಯ ತುಕಡಿಯಲ್ಲೂ ಇದ್ದೆ.

ನಿಮ್ಮ ಬರಹದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಮಾತು: ‘ಹತ್ತುವಾಗ ಏನೂ ಆಗಲಿಲ್ಲ, ನಿಂತ ಮೇಲೆ ಬಿದ್ದೆ.’ ಇದನ್ನು ನಿಮ್ಮ ತಜ್ಞರಿಗೆ ಇದೇ ಮಾತುಗಳಲ್ಲಿ ಹೇಳಿ.

ನಿಮ್ಮ ಹೃದಯದ ದಪ್ಪ ಗೋಡೆ ಮಹಾಪಧಮನಿಯ ಬಾಗಿಲಿನ ಕೆಳಗೆ ಉಬ್ಬಿಕೊಂಡಿದೆ. ಆ ಇಕ್ಕಟ್ಟಿನಲ್ಲಿ ರಕ್ತ ರಭಸದಿಂದ ನುಗ್ಗುವಾಗ ಪಕ್ಕದ ಕವಾಟದ ರೆಕ್ಕೆಯನ್ನು ಗೋಡೆಯ ಕಡೆಗೆ ಎಳೆದುಕೊಳ್ಳುತ್ತದೆ, ದಾರಿ ಇನ್ನಷ್ಟು ಕಿರಿದಾಗುತ್ತದೆ. ಕೋಣೆಯಲ್ಲಿ ರಕ್ತ ತುಂಬಿದ್ದಷ್ಟೂ ಗೋಡೆಗಳು ದೂರವಿದ್ದು ದಾರಿ ತೆರೆದಿರುತ್ತದೆ. ರಕ್ತ ಕಡಿಮೆಯಾದಷ್ಟೂ ಮುಚ್ಚುತ್ತದೆ. ಓಡುವಾಗ ಕಾಲಿನ ಸ್ನಾಯುಗಳು ಹಿಂಡಿ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತಿರುತ್ತವೆ. ಥಟ್ಟನೆ ನಿಂತಾಗ ಆ ಹಿಂಡುವಿಕೆ ನಿಲ್ಲುತ್ತದೆ, ಆದರೆ ಹೃದಯ ಇನ್ನೂ ಓಟದ ಜೋರಿನಲ್ಲೇ ಬಡಿಯುತ್ತಿರುತ್ತದೆ. ಬೆವರಿನಲ್ಲಿ ನೀರು ಹೋಗಿದ್ದರಂತೂ ಕೋಣೆ ಇನ್ನೂ ಬರಿದು. ನಿಮ್ಮ ವೈದ್ಯರು ಕುಕ್ಕರಗಾಲಿನಲ್ಲಿ ಕೂರಿಸಿ ಎಬ್ಬಿಸಿದ್ದೂ ಇದಕ್ಕೇ. ಕುಳಿತಾಗ ಕಾಲಿನ ರಕ್ತ ಮೇಲೇರಿ ಮರ್ಮರ (ರಕ್ತ ಇಕ್ಕಟ್ಟಿನಲ್ಲಿ ನುಗ್ಗುವ ಸದ್ದು) ತಗ್ಗುತ್ತದೆ, ನಿಂತಾಗ ಜೋರಾಗುತ್ತದೆ. ಯಂತ್ರವಿಲ್ಲದೆ ಕಿವಿಯಿಂದಲೇ ಇದನ್ನು ಹಿಡಿದ ಆ ವೈದ್ಯರಿಗೆ ನನ್ನ ಪರವಾಗಿಯೂ ಒಂದು ನಮಸ್ಕಾರ ಹೇಳಿ.

ನಿಮ್ಮನ್ನು ಬೀಳಿಸಿದ್ದು ಈ ಅಡ್ಡಿಯೇ ಎಂದು ನಾನು ಹೇಳುತ್ತಿಲ್ಲ. ಲಯ ತಪ್ಪಿದ ಬಡಿತವೂ ಇರಬಹುದು, ಅದು ಹೆಚ್ಚು ಅಪಾಯದ್ದು. ಹಾಲ್ಟರ್ ಕೇಳಿರುವುದು ಅದಕ್ಕಾಗಿ.

ಈಗ ತುಕಡಿಯಲ್ಲಿದ್ದವಳಾಗಿ ಒಂದು ಮಾತು. ಶಿಬಿರದಲ್ಲಿ ನೀವು ಎದೆನೋವೆಂದು ಕುಸಿದರೆ ನಿಮ್ಮ ವಿಷಯ ತಿಳಿಯದ ಸಹಾಯಕ ಏನು ಮಾಡುತ್ತಾನೆ? ನಾಲಿಗೆಯ ಕೆಳಗೆ ನೈಟ್ರೇಟ್ ಗುಳಿಗೆ ಇಡಬಹುದು. ಸಾಮಾನ್ಯ ಎದೆನೋವಿಗೆ ಅದು ಒಳ್ಳೆಯ ಔಷಧ. ನಿಮ್ಮಂತಹ ಅಡ್ಡಿಯಿರುವ ಹೃದಯದಲ್ಲಿ ಅದು ರಕ್ತನಾಳ ಹಿಗ್ಗಿಸಿ, ಕೋಣೆಯನ್ನು ಬರಿದುಮಾಡಿ, ರಕ್ತದೊತ್ತಡವನ್ನು ನೆಲಕ್ಕಿಳಿಸುತ್ತದೆ. ಮಲಗಿಸಿ ಕಾಲು ಎತ್ತಬೇಕು, ದ್ರವ ಕೊಡಬೇಕು ಎಂಬುದು ಅವನಿಗೆ ಹೊಳೆಯಬೇಕಾದರೆ ನಿಮ್ಮ ಕಾಯಿಲೆಯ ಹೆಸರು ಅವನಿಗೆ ಮೊದಲೇ ಗೊತ್ತಿರಬೇಕು. ಮುಚ್ಚಿಟ್ಟರೆ ನಿಮ್ಮನ್ನು ಉಳಿಸಲು ಓಡಿ ಬಂದವನ ಕೈಯಿಂದಲೇ ಕೇಡು ಮಾಡಿಸಿದಂತಾಗುತ್ತದೆ.

ಎರಡು ಉಡುಪು

ನೈಟ್ರೇಟ್ ವಿಷಯ ಗೊತ್ತಿರಲಿಲ್ಲ. ಆದರೂ ಕೇಳುತ್ತೇನೆ, ಇವರು ಶಿಬಿರಕ್ಕೇ ಹೋಗದಿದ್ದರೆ ಆ ಪ್ರಶ್ನೆ ಎಲ್ಲಿ ಬರುತ್ತದೆ? ಈ ವರ್ಷ ತಪ್ಪಿಸಿಕೊಂಡು, ಚಿಕಿತ್ಸೆ ಪಡೆದು, ಮುಂದಿನ ವರ್ಷ ಹೇಳಲಿ.

ತಮ್ಮನ ಅಕ್ಕ

ಇಲ್ಲಿ ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ.

ನನ್ನ ತಮ್ಮ ಮೀಸಲು ಪಡೆಯಲ್ಲಿದ್ದ. 24 ವರ್ಷ. ಬೆಳಗಿನ ಓಟದಲ್ಲಿ ಬಿದ್ದವನು ಏಳಲಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ಗೋಡೆ ದಪ್ಪವಾಗಿತ್ತೆಂದು ತಿಳಿಯಿತು. ಅದಕ್ಕೂ ಮೊದಲು ಎರಡು ಸಲ ಕಣ್ಣು ಕತ್ತಲಿಟ್ಟಿತ್ತಂತೆ. ಅದನ್ನು ಅವನು ಹೇಳಿದ್ದು ಪಕ್ಕದ ಹಾಸಿಗೆಯ ಗೆಳೆಯನಿಗೆ ಮಾತ್ರ. ಆ ಹುಡುಗ ನಮ್ಮ ಮನೆಗೆ ಬಂದು ಅಮ್ಮನ ಎದುರು ಕುಳಿತು, ‘ನಾನು ಹೇಳಬೇಕಿತ್ತು’ ಎಂದು ಹೇಳುತ್ತಲೇ ಇದ್ದ. ಅವನಿಗೆ ಆಗ 23. ತಮ್ಮ ಅವನಿಂದ ಮಾತು ತೆಗೆದುಕೊಂಡಿದ್ದನಂತೆ.

ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಈ ಕಾಯಿಲೆಯವರಲ್ಲಿ ಹೆಚ್ಚಿನವರು ಪೂರ್ಣ ಆಯುಷ್ಯ ಬದುಕುತ್ತಾರೆಂದು ನಮಗೆ ಆಮೇಲೆ ವೈದ್ಯರು ವಿವರಿಸಿದರು. ಸುಮಾರು 500 ಜನರಲ್ಲಿ ಒಬ್ಬರಿಗೆ ಇದು ಇರುತ್ತದಂತೆ, ಅನೇಕರಿಗೆ ತಮಗಿದೆ ಎಂದೇ ತಿಳಿಯುವುದಿಲ್ಲ. ತಮ್ಮ ಹೋದ ಮೇಲೆ ನಾವೆಲ್ಲರೂ ಎಕೋ ಮಾಡಿಸಿದೆವು. ಅಪ್ಪನಿಗೂ ಅದೇ ಇತ್ತು, 58ನೇ ವಯಸ್ಸಿನಲ್ಲಿ ಗೊತ್ತಾಯಿತು. ಅಪ್ಪ ಒಂದು ದಿನವೂ ಬಿದ್ದವರಲ್ಲ.

‘ಎರಡು ಉಡುಪು’ ಅವರೇ, ನೀವು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದೀರಿ. ನನ್ನ ತಮ್ಮನ ಗೆಳೆಯನೂ ಒಳ್ಳೆಯ ಮನಸ್ಸಿನಿಂದಲೇ ಸುಮ್ಮನಿದ್ದ.

ಅಣ್ಣ, ನಿಮಗೆ ಒಡಹುಟ್ಟಿದವರು, ಮಕ್ಕಳು ಇದ್ದಾರೆಯೇ?

ದೂರದ ಓಟಗಾರ

ಅಕ್ಕ, ನಿಮ್ಮ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ನನಗೊಬ್ಬ ತಮ್ಮನಿದ್ದಾನೆ. ಒಂಬತ್ತು ವರ್ಷದ ಮಗಳಿದ್ದಾಳೆ. ಅವರಿಗೂ ಪರೀಕ್ಷೆ ಬೇಕೆಂದು ತಜ್ಞರು ಹೇಳಿದ್ದರು. ಆ ಮಾತು ನನ್ನ ಕಿವಿಗೆ ಬಿದ್ದಿತ್ತು, ತಲೆಗೆ ಇಳಿದಿರಲಿಲ್ಲ. ಶಿಬಿರದ ಚಿಂತೆಯಲ್ಲೇ ಇದ್ದೆ.

ಮನೆಯಲ್ಲಿ ಕಾಯುವವಳು

ನನ್ನ ಗಂಡ ಮೀಸಲು ಪಡೆಯಲ್ಲಿದ್ದಾರೆ. ಒಂದೇ ಪ್ರಶ್ನೆ: ನಿಮ್ಮ ಹೆಂಡತಿಗೆ ಹೇಳಿದ್ದೀರಾ? ಇಷ್ಟು ಉದ್ದದ ಬರಹದಲ್ಲಿ ಅವರ ಸುಳಿವೇ ಇಲ್ಲ.

ದೂರದ ಓಟಗಾರ

ಹೇಳಿರಲಿಲ್ಲ. ನೆನ್ನೆ ರಾತ್ರಿ ಹೇಳಿದೆ. ವರದಿಯನ್ನು ಕೈಗೆ ಕೊಟ್ಟೆ. ಓದಿ ಮುಗಿಸಿ ಅವಳು ಮೊದಲು ಕೇಳಿದ್ದು ನನ್ನ ಬಗ್ಗೆಯೇ ಅಲ್ಲ. ‘ಗುಡ್ಡದ ಮೇಲೆ ಬಿದ್ದಾಗ ನಿಮ್ಮ ಜೊತೆ ಇದ್ದವರು ಯಾರು? ಅವರಿಗೆ ಗೊತ್ತಾ?’ ಎಂದಳು.

ಹಳೆಯ ಪಟಾಲಂ

ಮೀಸಲು ಪಡೆಯ ಒಂದು ತುಕಡಿಯನ್ನು ಆರು ವರ್ಷ ನಡೆಸಿ ನಿವೃತ್ತನಾದವನು. ಇಂತಹ ಕಾಗದ ಹಿಡಿದು ನನ್ನ ಮೇಜಿನ ಮುಂದೆ ನಿಂತವರನ್ನು ಕಂಡಿದ್ದೇನೆ. ತಡವಾಗಿ ನಿಂತವರನ್ನೂ ಕಂಡಿದ್ದೇನೆ.

ಮೊದಲು ಮನಸ್ಸಿನ ಮಾತು. ಸ್ಟ್ರೆಚರಿನ ಹಿಡಿ ನಿಮ್ಮದು ಎಂದಿರಿ. ನಾಲ್ಕು ಜನ ಎತ್ತಿದ ಸ್ಟ್ರೆಚರಿನಲ್ಲಿ ಒಬ್ಬನ ಕೈ ಜಾರಿದರೆ ಉರುಳುವವನು ಐದನೆಯವನು, ಈಗಾಗಲೇ ಗಾಯಗೊಂಡವನು. ಅವನು ನಿಮ್ಮನ್ನು ಆರಿಸಿಕೊಂಡಿರುವುದಿಲ್ಲ. ನಿಮ್ಮ ಜೀವವನ್ನು ಪಣಕ್ಕಿಡುವುದು ನಿಮ್ಮ ಇಷ್ಟ ಎಂದುಕೊಂಡರೂ ಅವನದನ್ನು ಇಡುವ ಹಕ್ಕು ನಿಮಗಿಲ್ಲ. ಕಟುವಾಗಿ ಹೇಳಿದೆ, ಮನ್ನಿಸಿ. ನಾನು ನಿಮ್ಮ ಅಧಿಕಾರಿಯಾಗಿದ್ದರೂ ಹೀಗೇ ಹೇಳುತ್ತಿದ್ದೆ, ನಂತರ ಎದ್ದು ಬಂದು ನಿಮ್ಮ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದೆ.

ಈಗ ಕಾಗದದ ಮಾತು. ಇದು ಬೇಸರದ್ದು, ಆದರೆ ನಿಮ್ಮ ಮನೆಯವರ ಭವಿಷ್ಯ ಇದರಲ್ಲಿದೆ. ಪೂರ್ಣಾವಧಿ ಸೈನಿಕನಿಗೆ ಕಾಯಿಲೆ ಬಂದರೆ ಅವನು ಸೇವೆಯಲ್ಲೇ ಇರುತ್ತಾನೆ. ಮೀಸಲು ಪಡೆಯವನ ದಿನಗಳು ಎರಡು ಬಗೆ, ಕರ್ತವ್ಯದ ದಿನ ಮತ್ತು ಮನೆಯ ದಿನ. ಕಾಯಿಲೆ ಯಾವ ದಿನ ತಲೆ ಎತ್ತಿತು, ಕರ್ತವ್ಯದಿಂದ ಹೆಚ್ಚಾಯಿತೇ ಎಂಬುದರ ಮೇಲೆ ಚಿಕಿತ್ಸೆಯ ವೆಚ್ಚ, ಪರಿಹಾರ, ಪಿಂಚಣಿ ನಿಲ್ಲುವುದುಂಟು. ಒಂದೊಂದು ದೇಶದ ನಿಯಮ ಒಂದೊಂದು ಬಗೆ, ನಿಮ್ಮ ಪಡೆಯ ನಿಯಮಾವಳಿಯನ್ನು ನೀವೇ ಓದಬೇಕು. ಆದರೆ ಎಲ್ಲಿಯಾದರೂ ಬೇಕಾಗುವುದು ಸಾಕ್ಷಿ. ನೀವು ಬಿದ್ದದ್ದು ಕರ್ತವ್ಯದ ದಿನ. ನೀರು ಕುಡಿಸಿದ ಜೊತೆಗಾರನಿಂದ ದಿನಾಂಕ, ಸಮಯ, ಸ್ಥಳ, ತಾನು ಕಂಡದ್ದು ಇಷ್ಟನ್ನು ಇಂದೇ ಬರೆಸಿಕೊಳ್ಳಿ, ನೆನಪು ಹಸಿಯಾಗಿರುವಾಗಲೇ. ‘ಎರಡು ಉಡುಪು’ ಅವರು ಹೇಳಿದಂತೆ ಸುಳ್ಳು ರಜೆ ಹಾಕಿ, ಒಂಬತ್ತನೇ ಪ್ರಶ್ನೆಗೆ ‘ಇಲ್ಲ’ ಎಂದಿರೋ, ಆ ದಿನ ನಡೆದೇ ಇಲ್ಲ ಎಂದು ನಿಮ್ಮ ಸಹಿಯಲ್ಲೇ ಸಾರಿದ ಹಾಗೆ. ಮುಂದೆ ನಿಮ್ಮ ಹೆಂಡತಿ ಯಾವ ಕಚೇರಿಯ ಬಾಗಿಲು ತಟ್ಟಿದರೂ ಆ ಒಂದು ಗುರುತನ್ನು ತೋರಿಸುತ್ತಾರೆ.

ಎಲ್ಲವನ್ನೂ ಬರಹದಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. ಬಿಡುಗಡೆಯ ಕಾಗದ ಮುಂದಿಟ್ಟರೆ ಆ ದಿನವೇ ಸಹಿ ಹಾಕಬೇಡಿ. ಮನೆಗೆ ತಂದು ಓದಿ, ತಿಳಿದವರಿಗೆ ತೋರಿಸಿ. ತಾತ್ಕಾಲಿಕವಾಗಿ ಕೆಳಗಿನ ವೈದ್ಯಕೀಯ ವರ್ಗಕ್ಕೆ ಇಳಿಸುವುದೂ ಸೇವೆಯಿಂದ ತೆಗೆಯುವುದೂ ಒಂದೇ ಅಲ್ಲ.

ಇನ್ನೊಂದು ವಿಷಯ ತಲೆಯಲ್ಲಿ ಕೊರೆಯುತ್ತಿದೆ. ಗಟ್ಟಿಮುಟ್ಟಾದ ಸೈನಿಕನ ಹೃದಯಕ್ಕೆ ಏನೂ ಆಗದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿದೆ. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ 1953ರಲ್ಲಿ ಬಂತು. ಅವರ ಸರಾಸರಿ ವಯಸ್ಸು ಸುಮಾರು 22. ಆದರೂ ನಾಲ್ವರಲ್ಲಿ ಮೂವರ ಹೃದಯದ ರಕ್ತನಾಳಗಳಲ್ಲಿ ಕಾಯಿಲೆಯ ಗುರುತು ಕಣ್ಣಿಗೆ ಕಾಣುವಂತಿತ್ತು. ನಿಮ್ಮದು ಬೇರೆ ಕಾಯಿಲೆ, ಅದು ಗೊತ್ತು. ಮೊದಲ ಐವರಲ್ಲಿ ಓಡಿ ಮುಟ್ಟುವವನ ಎದೆಯೊಳಗೆ ಏನಿದೆ ಎಂಬುದು ಗಡಿಯಾರಕ್ಕೆ ಕಾಣುವುದಿಲ್ಲ ಎಂಬುದಕ್ಕೆ ಹೇಳಿದೆ.

ಎಡಭುಜ

ನನ್ನ ಎಡಭುಜದ ಕೆಳಗೆ ಐಸಿಡಿ ಇದೆ, ಏಳು ವರ್ಷವಾಯಿತು. ಅದೇ ಕಾಯಿಲೆ. ನಾನೂ ಮೀಸಲು ಪಡೆಯಲ್ಲಿದ್ದೆ, ಅದಕ್ಕೇ ಬರೆಯುತ್ತಿದ್ದೇನೆ.

ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಲೋಹದ ಪೆಟ್ಟಿಗೆ, ಅದರಿಂದ ಹೃದಯದೊಳಕ್ಕೆ ಇಳಿದ ಒಂದು ತಂತಿ. ಬಡಿತ ಅಪಾಯಕಾರಿಯಾಗಿ ಲಯ ತಪ್ಪಿದರೆ ಗುರುತಿಸಿ ವಿದ್ಯುತ್ ಆಘಾತ ಕೊಡುತ್ತದೆ. ಮನುಷ್ಯನಿಗೆ ಇದನ್ನು ಮೊದಲು ಅಳವಡಿಸಿದ್ದು 1980ರಲ್ಲಿ, ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ. ಅದರ ಹಿಂದೆ ಇದ್ದವರು ಮಿಷೆಲ್ ಮಿರೊವ್‌ಸ್ಕಿ. ಅವರ ಗುರುವೊಬ್ಬರು ಹೀಗೆ ಹಠಾತ್ತನೆ ಲಯ ತಪ್ಪಿ ತೀರಿಕೊಂಡಿದ್ದರು, ಅಲ್ಲಿಂದ ಹುಟ್ಟಿದ ಹಟ ಅದು. ನನಗೆ ಒಂದು ಸಲ ಆಘಾತ ಬಂದಿದೆ. ಎದೆಯ ಒಳಗಿನಿಂದ ಯಾರೋ ಒದ್ದ ಹಾಗೆ. ಆ ಒದೆತದ ಮೇಲೆ ನಾನು ಬದುಕಿದ್ದೇನೆ.

ಐಸಿಡಿ ಬೇಕೆಂದು ಹೇಳಿದರೆ, ಯಾವ ಭುಜಕ್ಕೆ ಬಂದೂಕು ಒತ್ತಿ ಹಿಡಿಯುತ್ತೀರಿ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿ. ಬಂದೂಕಿನ ಹಿಂದೊತ್ತು ಆ ತಂತಿಗೆ ಒಳ್ಳೆಯದಲ್ಲ. ಬೆನ್ನುಚೀಲದ ಪಟ್ಟಿ ಸರಿಯಾಗಿ ಪೆಟ್ಟಿಗೆಯ ಮೇಲೆಯೇ ಬರುತ್ತದೆ, ಅದನ್ನೂ ಹೇಳಿ. ಅಳವಡಿಸಿದ ಮೇಲೆ ಕೆಲವು ವಾರ ಆ ಕಡೆಯ ಕೈಯನ್ನು ಭುಜಕ್ಕಿಂತ ಮೇಲೆ ಎತ್ತುವಂತಿಲ್ಲ. ಮೊಬೈಲನ್ನು ಆ ಕಡೆಯ ಜೇಬಿನಲ್ಲಿ ಇಡುವಂತಿಲ್ಲ.

ನನ್ನನ್ನು ಪಡೆ ಉಳಿಸಿಕೊಳ್ಳಲಿಲ್ಲ. ನಿಮ್ಮದು ಏನಾಗುತ್ತದೋ ನಾನು ಹೇಳಲಾರೆ. ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ 2021ರ ಜೂನ್‌ನಲ್ಲಿ ಮೈದಾನದಲ್ಲೇ ಹೃದಯ ನಿಂತು ಬಿದ್ದರು. ಐಸಿಡಿ ಹಾಕಿದ ಮೇಲೆ, ಆಗ ಅವರು ಆಡುತ್ತಿದ್ದ ಇಟಲಿಯ ನಿಯಮ ಅವರನ್ನು ಆಡಲು ಬಿಡಲಿಲ್ಲ. 2022ರಲ್ಲಿ ಇಂಗ್ಲೆಂಡಿನಲ್ಲಿ ಆಡಿದರು. ಅದೇ ಮನುಷ್ಯ, ಅದೇ ಹೃದಯ, ಗಡಿ ದಾಟಿದಾಗ ನಿಯಮ ಬೇರೆ. ಹಾಗಾಗಿ ‘ಇಲ್ಲ’ ಎಂದವರೆಲ್ಲ ನಿಮ್ಮನ್ನು ಕೈಲಾಗದವನು ಎಂದು ತೀರ್ಮಾನಿಸಿದ್ದಾರೆ ಎಂದುಕೊಳ್ಳಬೇಡಿ.

ಉಡುಪನ್ನು ಮಡಿಸಿಟ್ಟ ದಿನದ ನೋವು ನನಗೆ ಐಸಿಡಿ ಹಾಕಿದ ನೋವಿಗಿಂತ ದೊಡ್ಡದಾಗಿತ್ತು. ಅದನ್ನು ಯಾರ ಮುಂದೆಯೂ ಸಣ್ಣದು ಮಾಡಿ ಹೇಳಬೇಡಿ. ನಾನು ಒಂದು ವರ್ಷ ಹೇಳಿಕೊಳ್ಳಲಿಲ್ಲ. ಹಳೆಯ ಜೊತೆಗಾರರ ಕರೆ ಬಂದರೆ ಎತ್ತುತ್ತಿರಲಿಲ್ಲ. ಅದು ತಪ್ಪಾಯಿತು.

ಎರಡು ಉಡುಪು

2023ರಲ್ಲಿ ಒಂದು ಅಧ್ಯಯನ ಬಂದಿದೆಯಲ್ಲವೇ? ಈ ಕಾಯಿಲೆಯವರು ಜೋರಾಗಿ ವ್ಯಾಯಾಮ ಮಾಡಿದರೂ ಅಪಾಯ ಹೆಚ್ಚಲಿಲ್ಲ ಎಂದು ಓದಿದ್ದೇನೆ. ಹಾಗಿದ್ದರೆ ಇಷ್ಟೆಲ್ಲ ಏಕೆ?

ರಾತ್ರಿಪಾಳಿ

ಬಂದಿದೆ. 1,600ಕ್ಕೂ ಹೆಚ್ಚು ಜನರನ್ನು ಸುಮಾರು ಮೂರು ವರ್ಷ ಗಮನಿಸಿದರು. ಜೋರಾದ ವ್ಯಾಯಾಮ ಮಾಡುವವರಲ್ಲಿ ಸಾವು ಅಥವಾ ಅಪಾಯಕಾರಿ ಲಯದೋಷ ಮಧ್ಯಮ ವ್ಯಾಯಾಮದವರಿಗಿಂತ ಹೆಚ್ಚಾಗಿ ಕಾಣಲಿಲ್ಲ. ಇದರಿಂದ ಅನೇಕರಿಗೆ ಬದುಕು ಮರಳಿ ಸಿಕ್ಕಿದೆ. ಎಲ್ಲರಿಗೂ ‘ಕುರ್ಚಿ ಬಿಟ್ಟು ಏಳಬೇಡಿ’ ಎನ್ನುವ ಕಾಲ ಹೋಯಿತು, ನನಗೂ ಸಂತೋಷವೇ. ಆದರೆ ಅವರು ಕಾಯಿಲೆ ಗೊತ್ತಿದ್ದು, ತಜ್ಞರ ಕಣ್ಗಾವಲಿನಲ್ಲಿದ್ದವರು. ಎದೆ ಭಾರವಾಯಿತೆಂದರೆ ನಿಲ್ಲುವ ಸ್ವಾತಂತ್ರ್ಯವೂ ಅವರಿಗಿತ್ತು. ಕವಾಯತಿನಲ್ಲಿ ನಿಲ್ಲುವ ಸ್ವಾತಂತ್ರ್ಯ ಯಾರಿಗಿದೆ? ಬಿಸಿಲು, ನಿದ್ದೆಗೇಡು, ನೀರಿನ ಕೊರತೆ, ಹೊರೆ, ಹೊರಗಿನಿಂದ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರದಿಂದ ಎಷ್ಟೋ ಮೈಲಿ ದೂರ. ಹೃದಯ ನಿಂತ ಮೇಲೆ, ಎದೆ ಒತ್ತುವವರೂ ಇಲ್ಲದಿದ್ದರೆ, ವಿದ್ಯುತ್ ಆಘಾತ ತಡವಾದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಆಟದ ಮೈದಾನದ ಲೆಕ್ಕವನ್ನು ಗುಡ್ಡಕ್ಕೆ ಹೊತ್ತೊಯ್ಯಬೇಡಿ.

ನಿಮ್ಮ ಪ್ರಶ್ನೆ ಕೆಟ್ಟದ್ದಲ್ಲ. ನೀವು ಇಷ್ಟು ಆಳವಾಗಿ ಓದಿಕೊಂಡಿರುವುದು ನೋಡಿ ಆಶ್ಚರ್ಯವಾಯಿತು.

ದೂರದ ಓಟಗಾರ (ಎಂಟು ವಾರಗಳ ನಂತರ)

ಎಲ್ಲರಿಗೂ ಉತ್ತರಿಸಲು ತಡವಾಯಿತು.

ಎಂಆರ್‌ಐ ಆಯಿತು. ಗೋಡೆಯಲ್ಲಿ ಸ್ವಲ್ಪ ಗಾಯದ ಕಲೆ ಇದೆ, ತೀರಾ ಹೆಚ್ಚಿಲ್ಲ. 48 ಗಂಟೆಯ ಹಾಲ್ಟರಿನಲ್ಲಿ ರಾತ್ರಿ ಮೂರು ಗಂಟೆಗೆ ಐದು ಬಡಿತಗಳ ಒಂದು ಸಾಲು ಲಯ ತಪ್ಪಿತ್ತು. ಆಗ ನಾನು ನಿದ್ದೆಯಲ್ಲಿದ್ದೆ. ಅದರ ಜೊತೆಗೆ ಗುಡ್ಡದ ಮೇಲೆ ಬಿದ್ದದ್ದನ್ನೂ ಸೇರಿಸಿ ನೋಡಿ ತಜ್ಞರು ಐಸಿಡಿ ಬೇಕೆಂದರು. ಎರಡನೇ ತಜ್ಞರೂ ಅದನ್ನೇ ಹೇಳಿದರು. ನಾನು ಬಂದೂಕು ಹಿಡಿಯುವುದು ಬಲಭುಜಕ್ಕೆ, ಹಾಗಾಗಿ ಎಡಗಡೆ. ಹತ್ತು ದಿನವಾಯಿತು. ಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಗುಳಿಗೆ ಶುರುವಾಗಿದೆ, ಮೊದಲ ವಾರ ಮೆಟ್ಟಿಲು ಹತ್ತುವಾಗ ಕಾಲಿಗೆ ಮರಳು ಕಟ್ಟಿದಂತಿತ್ತು, ಈಗ ಪರವಾಗಿಲ್ಲ. ಅಡ್ಡಿ ಔಷಧಕ್ಕೆ ಬಗ್ಗದಿದ್ದರೆ ಗೋಡೆಯ ಉಬ್ಬನ್ನು ಶಸ್ತ್ರಚಿಕಿತ್ಸೆಯಿಂದ ಕೆತ್ತಿ ತೆಗೆಯುವುದುಂಟಂತೆ. 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮವಾಕ್ಯಾಮ್ಟೆನ್ ಎಂಬ ಔಷಧವೂ ಇದೆ, ಅದಕ್ಕೆ ಮೇಲಿಂದ ಮೇಲೆ ಎಕೋ ಮಾಡಿಸುತ್ತಿರಬೇಕು. ಅದೆಲ್ಲ ಮುಂದಿನ ಮಾತು.

ಅಧಿಕಾರಿಗೆ ಹೇಳಿದ್ದು ಐಸಿಡಿಗೂ ಮೊದಲೇ. ಜೊತೆಗಾರನನ್ನು ಕರೆದುಕೊಂಡೇ ಹೋದೆ. ಅವನು ಬರೆದುಕೊಟ್ಟ ಒಂದು ಪುಟವನ್ನು ನಾನು ಮೊದಲ ಸಲ ಓದಿದ್ದು ಅಲ್ಲೇ. ‘ಹತ್ತು ಸೆಕೆಂಡು’ ಎಂದು ನನಗೆ ಹೇಳಿದ್ದವನು ಅದರಲ್ಲಿ ‘ಸುಮಾರು ನಲವತ್ತು ಸೆಕೆಂಡು, ತುಟಿ ಬೂದುಬಣ್ಣಕ್ಕೆ ತಿರುಗಿತ್ತು, ಎರಡು ಸಲ ಹೆಸರು ಹಿಡಿದು ಕೂಗಿದೆ’ ಎಂದು ಬರೆದಿದ್ದ. ಹೊರಗೆ ಬಂದ ಮೇಲೆ ಏಕೆ ಹಾಗೆ ಹೇಳಿದ್ದೆ ಎಂದು ಕೇಳಿದೆ. ‘ನೀನು ಹೆದರುತ್ತೀಯ ಅನ್ನಿಸಿತು’ ಎಂದ. ಆರು ತಿಂಗಳ ಮಟ್ಟಿಗೆ ನನ್ನನ್ನು ಕೆಳಗಿನ ವರ್ಗಕ್ಕೆ ಇಳಿಸಿದ್ದಾರೆ. ಆಮೇಲೆ ವೈದ್ಯಕೀಯ ಮಂಡಳಿ ಕೂರುತ್ತದೆ. ಅದು ನನ್ನನ್ನು ಬಿಡುಗಡೆ ಮಾಡುವ ಸಾಧ್ಯತೆಯೇ ಹೆಚ್ಚು ಎಂದು ಅಧಿಕಾರಿ ಮುಚ್ಚುಮರೆಯಿಲ್ಲದೆ ಹೇಳಿದರು. ಅಂದು ರಾತ್ರಿ ನಿದ್ದೆ ಬರಲಿಲ್ಲ. ಈಗಲೂ ಕೆಲವು ರಾತ್ರಿ ಬರುವುದಿಲ್ಲ. ‘ಎಡಭುಜ’ ಅವರೇ, ನಿಮ್ಮ ಮಾತು ಹಿಡಿದು ಜೊತೆಗಾರರ ಕರೆಗಳನ್ನು ಎತ್ತುತ್ತಿದ್ದೇನೆ.

ಶಿಬಿರ ಹೋದ ವಾರ ನಡೆಯಿತು. ಸ್ಟ್ರೆಚರಿನ ಎಡ ಹಿಡಿಗೆ ಹೊಸ ಹುಡುಗನನ್ನು ಹಾಕಿದ್ದಾರೆ. ಹೋಗುವ ಮೊದಲು ಅವನು ನಮ್ಮ ಮನೆಗೆ ಬಂದಿದ್ದ. ಇಳಿಜಾರಿನಲ್ಲಿ ಮುಂದಿನವರು ಹಿಡಿಯನ್ನು ಎಷ್ಟು ಎತ್ತರಕ್ಕೆ ಹಿಡಿಯಬೇಕೆಂದು ತೋರಿಸಬೇಕಿತ್ತು. ಎಡಗೈ ಎತ್ತುವಂತಿಲ್ಲವಲ್ಲ, ಬಲಗೈಯಲ್ಲಿ ತೋರಿಸಿದೆ. ಅವನು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಕೊಂಡು ಕಲಿತ.

ಅಕ್ಕ, ಮಗಳ ಎಕೋ ಸದ್ಯಕ್ಕೆ ಸರಿಯಾಗಿದೆ. ಬೆಳೆಯುವ ವಯಸ್ಸಿನಲ್ಲಿ ಗೋಡೆ ಆಮೇಲೆ ದಪ್ಪಗಾಗಬಹುದಾದ್ದರಿಂದ ಮತ್ತೆ ಮತ್ತೆ ನೋಡಬೇಕು. ತಮ್ಮನದು 14 ಮಿಲಿಮೀಟರ್. ಕುಟುಂಬದಲ್ಲಿ ಒಬ್ಬರಿಗೆ ಇದ್ದಾಗ 13 ಮುಟ್ಟಿದರೂ ಲೆಕ್ಕಕ್ಕೆ ಬರುತ್ತದಂತೆ. ಅವನಿಗೆ ಇದುವರೆಗೆ ಏನೂ ಆಗಿಲ್ಲ. ನಿಮ್ಮ ಪ್ರಶ್ನೆ ಇಲ್ಲದಿದ್ದರೆ ಅವನು ಎಕೋ ಕೋಣೆಯ ಬಾಗಿಲನ್ನೂ ನೋಡುತ್ತಿರಲಿಲ್ಲ.

ತಮ್ಮನ ಅಕ್ಕ

ಅಮ್ಮನಿಗೆ ಓದಿ ಹೇಳಿದೆ.

ಎರಡು ಉಡುಪು

ಅಣ್ಣ, ಒಂಬತ್ತನೇ ಪ್ರಶ್ನೆಗೆ ನೀವು ನಿಖರವಾಗಿ ಏನು ಬರೆದಿರಿ? ಕಾರಣವಿದೆ, ಅದಕ್ಕೇ ಕೇಳುತ್ತಿದ್ದೇನೆ.

ದೂರದ ಓಟಗಾರ

‘ಹೌದು’ ಎಂಬ ಚೌಕಕ್ಕೆ ಗುರುತು ಹಾಕಿದೆ. ಕೆಳಗೆ ಜಾಗ ಸಾಲದೆ ಬೇರೆ ಹಾಳೆ ಲಗತ್ತಿಸಿದೆ: ‘ಶಿಬಿರದ ಮೂರನೇ ದಿನ ಬೆಳಿಗ್ಗೆ, ಹೊರೆ ಹೊತ್ತು ಗುಡ್ಡ ಹತ್ತಿ ನಿಂತ ತಕ್ಷಣ ಪ್ರಜ್ಞೆ ತಪ್ಪಿತು. ಸುಮಾರು ನಲವತ್ತು ಸೆಕೆಂಡು. ಅದಕ್ಕೂ ಮೊದಲು ಹೀಗಾಗಿರಲಿಲ್ಲ. ಸಾಕ್ಷಿಯ ಹೇಳಿಕೆ ಮತ್ತು ಎಕೋ ವರದಿಯ ಪ್ರತಿ ಲಗತ್ತಿಸಿದ್ದೇನೆ.’ ದಿನಾಂಕ, ಸಹಿ. ಎರಡು ಪ್ರತಿ ಮಾಡಿಸಿ ಒಂದರ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ.

ನೀವು ಬಿದ್ದದ್ದು ಯಾವಾಗ? ಇಲ್ಲಿ ಬರೆಯಲು ಮನಸ್ಸಿಲ್ಲದಿದ್ದರೆ ನನಗೆ ಖಾಸಗಿಯಾಗಿ ಬರೆಯಿರಿ, ಯಾವ ಹೊತ್ತಾದರೂ ಸರಿ. ಅಲ್ಲಿಯವರೆಗೆ ಓಡಬೇಡಿ.